ಕೊಳಚೆ ಸೇರುವ ಕಡಲಲ್ಲಿ ಮದ್ದು ಕಂಡ ಜೂಸೆಪ್ಪೆ ಬ್ರೋಟ್ಸು

ರಾಜ್ಯದ ಯಾವುದೇ ತಾಲ್ಲೂಕು ಆಸ್ಪತ್ರೆಯ ಒಳರೋಗಿಗಳ ವಾರ್ಡಿಗೆ ಬೆಳಗಿನ ಹೊತ್ತು ಹೋದರೆ ಒಂದು ದೃಶ್ಯ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ನರ್ಸ್ ಒಬ್ಬರು ಪುಟ್ಟ ಗಾಜಿನ ಸೀಸೆಯೊಳಗಿನ ಪುಡಿಗೆ ಶುದ್ಧ ನೀರು ಬೆರೆಸಿ, ಚೆನ್ನಾಗಿ ಕುಲುಕಿ, ತಿಳಿ ಹಳದಿ ದ್ರಾವಣವನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ರೋಗಿಯ ಕೈಗೆ ಅಂಟಿಸಿದ ಸೂಜಿಯ ಮೂಲಕ ಆ ಮದ್ದು ನಿಧಾನವಾಗಿ ರಕ್ತ ಸೇರುತ್ತದೆ. ಸೀಸೆಯ ಮೇಲೆ ಸೆಫ್ಟ್ರಿಯಾಕ್ಸೋನ್ ಎಂದೋ ಸೆಫೊಟ್ಯಾಕ್ಸಿಮ್ ಎಂದೋ ಬರೆದಿರುತ್ತದೆ. ವಿಷಮಶೀತ ಜ್ವರ, ನ್ಯುಮೋನಿಯಾ, ಮಿದುಳು ಪೊರೆಯ ಉರಿಯೂತದಂಥ ಕಾಯಿಲೆಗಳಲ್ಲಿ ಲಕ್ಷಾಂತರ ಜೀವಗಳನ್ನು ಉಳಿಸಿದ ಈ ಮದ್ದುಗಳ ವಂಶಕ್ಕೆ ಸೆಫಲೋಸ್ಪೋರಿನ್ ಎಂದು ಹೆಸರು.

ಪೆನಿಸಿಲಿನ್ ಎಂದೊಡನೆ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಹೆಸರು ಶಾಲಾ ಮಕ್ಕಳ ಬಾಯಲ್ಲೂ ಬರುತ್ತದೆ. ಸೆಫಲೋಸ್ಪೋರಿನ್ ಕಂಡುಹಿಡಿದವರು ಯಾರೆಂದು ಕೇಳಿದರೆ ವೈದ್ಯರೂ ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಆ ಹೆಸರು ಜೂಸೆಪ್ಪೆ ಬ್ರೋಟ್ಸು. ಇಟಲಿಯಲ್ಲಿ, ಅದರಲ್ಲೂ ಸಾರ್ಡೀನಿಯ ದ್ವೀಪದಲ್ಲಿ ಮನೆಮಾತಾಗಿರುವ ಈ ವೈದ್ಯ, ಪ್ರಾಧ್ಯಾಪಕ ಹಾಗೂ ರಾಜಕಾರಣಿಯ ಬದುಕು ವಿಜ್ಞಾನದ ಇತಿಹಾಸದಲ್ಲಿ ಒಂದು ವಿಶಿಷ್ಟ ಅಧ್ಯಾಯ.

ದ್ವೀಪದ ಮಗ

ಬ್ರೋಟ್ಸು ಹುಟ್ಟಿದ್ದು 1895ರ ಜನವರಿ 24ರಂದು, ಸಾರ್ಡೀನಿಯದ ಒಳನಾಡಿನ ಗಿಲಾರ್ಜಾ ಎಂಬ ಸಣ್ಣ ಊರಿನಲ್ಲಿ. ಇಟಲಿಯ ಪ್ರಸಿದ್ಧ ಚಿಂತಕ ಆಂಟೋನಿಯೊ ಗ್ರಾಮ್ಶಿ ಬಾಲ್ಯ ಕಳೆದದ್ದೂ ಇದೇ ಊರಿನಲ್ಲಿ. ಕುರಿ ಸಾಕಣೆ ಮತ್ತು ಬೇಸಾಯವನ್ನು ನೆಚ್ಚಿದ್ದ ಆ ದ್ವೀಪ ಆ ಕಾಲಕ್ಕೆ ಇಟಲಿಯ ತೀರಾ ಹಿಂದುಳಿದ ಭಾಗಗಳಲ್ಲಿ ಒಂದಾಗಿತ್ತು. ಬಡತನ, ಕುಡಿಯುವ ನೀರಿನ ಕೊರತೆ, ಮಲೇರಿಯಾ ಅಲ್ಲಿನ ಜನರಿಗೆ ತಲೆತಲಾಂತರದಿಂದ ಅಂಟಿಕೊಂಡು ಬಂದ ಕಷ್ಟಗಳಾಗಿದ್ದವು.

ದ್ವೀಪದ ರಾಜಧಾನಿ ಕಾಲ್ಯಾರಿಯ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದ ಬ್ರೋಟ್ಸು 1919ರಲ್ಲಿ ಪದವಿ ಪಡೆದರು. ಶಸ್ತ್ರಚಿಕಿತ್ಸೆಯೋ ಖಾಸಗಿ ವೃತ್ತಿಯೋ ಅವರನ್ನು ಸೆಳೆಯಲಿಲ್ಲ. ಅವರು ಆರಿಸಿಕೊಂಡದ್ದು ನೈರ್ಮಲ್ಯಶಾಸ್ತ್ರ. ಒಬ್ಬ ರೋಗಿಯ ಕಾಯಿಲೆಗಿಂತ ಒಂದು ಊರಿನ ಕಾಯಿಲೆಯನ್ನು ಅಭ್ಯಾಸ ಮಾಡುವ ಶಾಸ್ತ್ರವಿದು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ, ಹಾಲು ಮಾರುವವನ ಕೈ ಶುಚಿಯಾಗಿದೆಯೇ ಎಂಬುದೆಲ್ಲ ಇದರ ವ್ಯಾಪ್ತಿಗೆ ಬರುತ್ತದೆ. ಸಿಯೆನಾ, ಬೊಲೋನ್ಯಾ, ಮೊದೆನಾ ನಗರಗಳಲ್ಲಿ ಅಭ್ಯಾಸ ಮತ್ತು ಬೋಧನೆ ನಡೆಸಿದ ಬಳಿಕ 1930ರ ದಶಕದಲ್ಲಿ ಅವರು ತಾವು ಓದಿದ ಕಾಲ್ಯಾರಿಗೇ ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಮರಳಿದರು. ಮುಂದೆ ಅವರ ಇಡೀ ಬದುಕು ಆ ನಗರದೊಂದಿಗೇ ಬೆಸೆದುಕೊಂಡಿತು.

ಮಲೇರಿಯಾ ಮತ್ತು ಯುದ್ಧ

ಕಾಲ್ಯಾರಿಗೆ ಬಂದ ಬ್ರೋಟ್ಸು ಅವರ ಮೊದಲ ಗಮನ ಹರಿದದ್ದು ಮಲೇರಿಯಾದ ಕಡೆಗೆ. ಜೌಗು ನೆಲ, ಕಟ್ಟಿ ನಿಂತ ನೀರು, ಬೇಸಿಗೆಯ ಸೆಕೆ ಕೂಡಿದ ಸಾರ್ಡೀನಿಯದಲ್ಲಿ ಸೊಳ್ಳೆಗಳ ಹಾವಳಿ ವಿಪರೀತವಾಗಿತ್ತು. ಯಾವ ಪ್ರದೇಶದಲ್ಲಿ ಯಾವ ಜಾತಿಯ ಸೊಳ್ಳೆ ಇದೆ, ರೋಗ ಹೇಗೆ ಹರಡುತ್ತದೆ ಎಂಬುದರ ಅಧ್ಯಯನದಲ್ಲಿ ಅವರು ತೊಡಗಿದರು. ಯುದ್ಧಾನಂತರ ದ್ವೀಪದ ಆರೋಗ್ಯಾಡಳಿತದ ಹೊಣೆಯೂ ಅವರ ಹೆಗಲಿಗೆ ಬಿತ್ತು. 1946ರಿಂದ 1950ರವರೆಗೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ದ್ವೀಪದಾದ್ಯಂತ ಡಿಡಿಟಿ ಸಿಂಪಡಿಸುವ ಬೃಹತ್ ಯೋಜನೆ ನಡೆಯಿತು. ರೋಗ ಹರಡುವ ಸೊಳ್ಳೆ ಜಾತಿಯನ್ನು ಸಂಪೂರ್ಣ ನಿರ್ನಾಮ ಮಾಡಲಾಗಲಿಲ್ಲ, ಆದರೆ ಮಲೇರಿಯಾ ದ್ವೀಪದಿಂದ ತೊಲಗಿತು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ರೋಟ್ಸು ಕಾಲ್ಯಾರಿ ವಿಶ್ವವಿದ್ಯಾಲಯದ ಕುಲಪತಿ ಸ್ಥಾನದಲ್ಲಿದ್ದರು. ಮುಸೊಲಿನಿಯ ಫ್ಯಾಸಿಸ್ಟ್ ಆಡಳಿತದ ಕಾಲವದು. 1943ರ ಫೆಬ್ರವರಿ ಮತ್ತು ಮೇ ತಿಂಗಳುಗಳಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಕಾಲ್ಯಾರಿಯ ಮೇಲೆ ಬಾಂಬುಗಳ ಮಳೆಗರೆದವು. ಬಂದರು ಮಾತ್ರವಲ್ಲ, ನಗರದ ಬಹುಭಾಗ ನೆಲಸಮವಾಯಿತು. ಸಾವಿರಾರು ಜನ ಊರು ಬಿಟ್ಟು ಹಳ್ಳಿಗಳಿಗೆ ಓಡಿದರು. ಯುದ್ಧ ನಿಂತ ಮೇಲೆ ಜನ ಮರಳಿದಾಗ ಅವರನ್ನು ಎದುರುಗೊಂಡದ್ದು ಮುರಿದ ಮನೆ, ಒಡೆದ ನೀರಿನ ಕೊಳವೆ ಮತ್ತು ವಿಷಮಶೀತ ಜ್ವರ.

ಕೊಳಚೆ ನೀರಿನ ಒಗಟು

ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್, ಮಲಿನ ನೀರು ಮತ್ತು ಆಹಾರದ ಮೂಲಕ ಹರಡುವ ಕಾಯಿಲೆ. ಸಾಲ್ಮೊನೆಲ್ಲಾ ಟೈಫಿ ಎಂಬ ಏಕಾಣುಜೀವಿ ಇದಕ್ಕೆ ಕಾರಣ. ವಾರಗಟ್ಟಲೆ ಇಳಿಯದ ಜ್ವರ, ಬಳಲಿಕೆ, ಕೊನೆಗೆ ಕರುಳು ತೂತಾಗಿ ಸಾವು, ಇದು ಅಂದಿನ ರೋಗಿಗಳ ಪಾಡು. 1945ರ ಹೊತ್ತಿಗೆ ಅದನ್ನು ವಾಸಿ ಮಾಡುವ ಔಷಧ ಯಾವುದೂ ಜಗತ್ತಿನಲ್ಲಿರಲಿಲ್ಲ. ಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಉಳಿಸಿ ಹೆಸರು ಮಾಡಿದ್ದ ಪೆನಿಸಿಲಿನ್ ಕೂಡ ಈ ರೋಗಾಣುವಿನ ಮುಂದೆ ನಿಷ್ಪ್ರಯೋಜಕವಾಗಿತ್ತು.

ಕಾಲ್ಯಾರಿಯ ಕೊಳಚೆ ನೀರು ಸು ಸಿಕ್ಕು ಎಂಬಲ್ಲಿ ನೇರವಾಗಿ ಸಮುದ್ರ ಸೇರುತ್ತಿತ್ತು. ನಗರದ ರೋಗಿಗಳ ಮಲಮೂತ್ರವೆಲ್ಲ ಅದೇ ಹಾದಿಯಲ್ಲಿ ಹರಿಯುತ್ತಿತ್ತು. ಬೇಸಿಗೆಯಲ್ಲಿ ಯುವಕರು ಅದರ ಆಸುಪಾಸಿನ ನೀರಿನಲ್ಲೇ ಈಜುತ್ತಿದ್ದರು. ನೈರ್ಮಲ್ಯಶಾಸ್ತ್ರದ ಪಾಠದಂತೆ ನೋಡಿದರೆ ಅವರಲ್ಲಿ ಅನೇಕರು ಹಾಸಿಗೆ ಹಿಡಿಯಬೇಕಿತ್ತು. ಆದರೆ ನಿರೀಕ್ಷಿಸಿದಷ್ಟು ಜನ ಕಾಯಿಲೆ ಬೀಳುತ್ತಿರಲಿಲ್ಲ. ಕೊಳಚೆ ಬಾಯಿಯಿಂದ ಸ್ವಲ್ಪ ದೂರದ ನೀರಿನಲ್ಲಿ ರೋಗಾಣುಗಳ ಸಂಖ್ಯೆಯೂ ಕುಗ್ಗುತ್ತಿತ್ತು.

ಸಮುದ್ರದ ಉಪ್ಪು, ಬಿಸಿಲು, ಅಪಾರ ಜಲರಾಶಿ ಕೊಳಚೆಯನ್ನು ತಿಳಿಗೊಳಿಸುತ್ತವೆ ಎಂಬ ವಿವರಣೆ ಆಗಲೇ ಇತ್ತು. ಬ್ರೋಟ್ಸು ಅಷ್ಟಕ್ಕೆ ತೃಪ್ತರಾಗಲಿಲ್ಲ. ಪೆನಿಸಿಲಿನ್ ಬಂದದ್ದು ಬೂಷ್ಟಿನಿಂದ. ಅಂಥದೇ ಇನ್ನೊಂದು ಜೀವಿ ಈ ನೀರಿನಲ್ಲಿದ್ದು, ರೋಗಾಣುಗಳನ್ನು ಕೊಲ್ಲುವ ವಸ್ತುವೊಂದನ್ನು ಸ್ರವಿಸುತ್ತಿರಬಹುದೇ ಎಂಬ ಸಂದೇಹ ಅವರನ್ನು ಕಾಡಿತು. 1945ರ ಜುಲೈ ತಿಂಗಳಲ್ಲಿ ಅವರು ಸು ಸಿಕ್ಕುವಿನ ಕೊಳಚೆ ಬಾಯಿಯ ಬಳಿಯ ನೀರನ್ನು ಸಂಗ್ರಹಿಸಿ ಪ್ರಯೋಗಾಲಯಕ್ಕೆ ತಂದರು.

ನೀರಿನ ಹನಿಗಳನ್ನು ಪೋಷಕ ಮಾಧ್ಯಮದ ತಟ್ಟೆಗಳ ಮೇಲೆ ಹರಡಿ ಬೆಳೆಸಿದಾಗ ಹಲವು ಬಗೆಯ ಸೂಕ್ಷ್ಮಜೀವಿಗಳು ಕಾಣಿಸಿಕೊಂಡವು. ಅವುಗಳ ನಡುವೆ ಒಂದು ಶಿಲೀಂಧ್ರ ವಿಶೇಷವಾಗಿತ್ತು. ಅದರ ಹತ್ತಿರ ವಿಷಮಶೀತದ ರೋಗಾಣುಗಳನ್ನು ಬಿತ್ತಿದರೆ ಅವು ಬೆಳೆಯುತ್ತಿರಲಿಲ್ಲ. ಕೀವು ಉಂಟುಮಾಡುವ ಸ್ಟ್ಯಾಫಿಲೊಕಾಕಸ್‌ನಂಥ ಏಕಾಣುಜೀವಿಗಳೂ ಅದರ ಮುಂದೆ ಸೋಲುತ್ತಿದ್ದವು. ಪರಿಶೀಲನೆಯಿಂದ ಅದು ಸೆಫಲೋಸ್ಪೋರಿಯಂ ಅಕ್ರಿಮೋನಿಯಂ ಎಂಬ ಜಾತಿಯ ಬೂಷ್ಟು ಎಂದು ತಿಳಿಯಿತು. ಮುಂದೆ ಇಡೀ ಔಷಧ ವಂಶಕ್ಕೆ ಹೆಸರು ಬಂದದ್ದು ಇದರಿಂದಲೇ. ಶಿಲೀಂಧ್ರತಜ್ಞರು ನಂತರ ಅದನ್ನು ಅಕ್ರಿಮೋನಿಯಂ ಕ್ರೈಸೊಜೀನಂ ಎಂದು ಕರೆದರು.

ಪೆನಿಸಿಲಿನ್ ಮಣಿಸಲಾಗದ ರೋಗಾಣುವನ್ನು ಈ ಬೂಷ್ಟು ಮಣಿಸುತ್ತಿದೆ ಎಂಬುದೇ ಆ ಕ್ಷಣದ ಮಹತ್ವ.

ಬರಿಗೈ ಪ್ರಯೋಗ

ಕಂಡದ್ದನ್ನು ಮದ್ದಾಗಿಸುವುದು ಬೇರೆಯೇ ಕೆಲಸ. ಬಾಂಬಿಗೆ ತುತ್ತಾದ ನಗರದಲ್ಲಿ ಬ್ರೋಟ್ಸು ಅವರ ಬಳಿ ಆಧುನಿಕ ಉಪಕರಣಗಳಿರಲಿಲ್ಲ, ಹಣವಿರಲಿಲ್ಲ, ವಸ್ತುವನ್ನು ಶುದ್ಧೀಕರಿಸಬಲ್ಲ ರಸಾಯನಶಾಸ್ತ್ರಜ್ಞರ ತಂಡವೂ ಇರಲಿಲ್ಲ. ಸಹೋದ್ಯೋಗಿ ಆಂಟೋನಿಯೊ ಸ್ಪನೆದ್ದಾ ಅವರ ಜತೆಗೂಡಿ ಅವರು ಬೂಷ್ಟನ್ನು ಬೆಳೆಸಿ, ದ್ರವವನ್ನು ಸೋಸಿ, ಒರಟು ಸಾರವೊಂದನ್ನು ತಯಾರಿಸಿದರು.

ಅದನ್ನು ಮೊದಲು ಹುಣ್ಣು, ಕುರು, ಕೀವುಗಟ್ಟಿದ ಬಾವುಗಳ ಒಳಗೆ ಚುಚ್ಚಿ ನೋಡಲಾಯಿತು. ಫಲಿತಾಂಶ ಉತ್ತೇಜನಕಾರಿಯಾಗಿತ್ತು. ಬಳಿಕ ವಿಷಮಶೀತ, ಪ್ಯಾರಾಟೈಫಾಯ್ಡ್ ಹಾಗೂ ಬ್ರುಸೆಲ್ಲೋಸಿಸ್ ರೋಗಿಗಳಿಗೂ ಸೂಜಿಯ ಮೂಲಕ ನೀಡಲಾಯಿತು. ಅನೇಕರಲ್ಲಿ ಸುಧಾರಣೆ ಕಂಡಿತು. ಆದರೆ ಶುದ್ಧವಲ್ಲದ ಸಾರವಾದ್ದರಿಂದ ಚುಚ್ಚಿದ ಬಳಿಕ ನಡುಕ ಮತ್ತು ಜ್ವರ ಬರುತ್ತಿದ್ದವು. ಈ ಮದ್ದಿನ ಮೊದಲ ಅಡ್ಡಪರಿಣಾಮ ದಾಖಲಾದದ್ದು ಹೀಗೆ, ಕಾಲ್ಯಾರಿಯ ಹಾಸಿಗೆಗಳ ಮೇಲೆ. ಇಂದಿನ ನಿಯಮಗಳ ಕಣ್ಣಿನಿಂದ ನೋಡಿದರೆ ಅರೆಬರೆ ಶುದ್ಧವಾದ ಸಾರವನ್ನು ಮನುಷ್ಯರಿಗೆ ಚುಚ್ಚುವುದು ಊಹೆಗೂ ನಿಲುಕದ ಮಾತು. ಬೇರೆ ಯಾವ ಮದ್ದೂ ಇಲ್ಲದ ಕಾಲದಲ್ಲಿ ಸಾವಿನ ದವಡೆಯಲ್ಲಿದ್ದ ರೋಗಿಗಳಿಗೆ ಅದು ಉಳಿದಿದ್ದ ಒಂದೇ ದಾರಿಯಾಗಿತ್ತು.

ಊರಿನಲ್ಲಿ ಸಿಗದ ಬೆಂಬಲ

ತಮ್ಮ ಶೋಧವನ್ನು ದೊಡ್ಡ ಮಟ್ಟದಲ್ಲಿ ಮುಂದುವರಿಸಲು ಬ್ರೋಟ್ಸು ಇಟಲಿಯಲ್ಲಿ ನೆರವು ಹುಡುಕಿದರು. ಯುದ್ಧದಿಂದ ಜರ್ಜರಿತವಾಗಿದ್ದ ದೇಶದಲ್ಲಿ ದೂರದ ದ್ವೀಪದ ಪ್ರಾಧ್ಯಾಪಕರ ಬೂಷ್ಟಿನ ಮೇಲೆ ಹಣ ಹೂಡಲು ಯಾರೂ ಮುಂದೆ ಬರಲಿಲ್ಲ. 1948ರಲ್ಲಿ ಅವರು ತಮ್ಮ ಫಲಿತಾಂಶಗಳನ್ನು ತಮ್ಮದೇ ನೈರ್ಮಲ್ಯ ಸಂಸ್ಥೆಯ ಪ್ರಕಟಣೆಯಲ್ಲಿ ಅಚ್ಚು ಹಾಕಿಸಿದರು. ಹೊಸ ಪ್ರತಿಜೈವಿಕವೊಂದರ ಕುರಿತ ಆ ಕಿರುಬರಹ ದ್ವೀಪದ ಹೊರಗೆ ಹೆಚ್ಚು ಜನರ ಕಣ್ಣಿಗೆ ಬೀಳುವಂತಿರಲಿಲ್ಲ. ಹೆಚ್ಚು ಸೌಲಭ್ಯವುಳ್ಳ ಪ್ರಯೋಗಾಲಯಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂಬ ಆಶಯವನ್ನು ಅವರು ಅದರಲ್ಲಿ ವ್ಯಕ್ತಪಡಿಸಿದ್ದರು.

ಇಲ್ಲಿ ಹಳೆಯ ಪರಿಚಯವೊಂದು ಕೈ ಹಿಡಿಯಿತು. ಯುದ್ಧದ ವೇಳೆ ಮಿತ್ರರಾಷ್ಟ್ರಗಳ ಆಡಳಿತದ ಆರೋಗ್ಯಾಧಿಕಾರಿಯಾಗಿ ಸಾರ್ಡೀನಿಯಕ್ಕೆ ಬಂದಿದ್ದ ಬ್ರಿಟಿಷ್ ವೈದ್ಯ ಬ್ಲೈತ್ ಬ್ರೂಕ್ ಅವರಿಗೆ ಬ್ರೋಟ್ಸು ತಮ್ಮ ಲೇಖನ ಕಳುಹಿಸಿದರು. ಬ್ರೂಕ್ ಅದನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಗಮನಕ್ಕೆ ತಂದರು. ಮಂಡಳಿ ತೋರಿಸಿದ ಹೆಸರು ಆಕ್ಸ್‌ಫರ್ಡ್‌ನ ಹೋವರ್ಡ್ ಫ್ಲೋರಿ ಅವರದು. ಪೆನಿಸಿಲಿನ್ ಅನ್ನು ನಿಜವಾದ ಅರ್ಥದಲ್ಲಿ ಔಷಧವನ್ನಾಗಿ ಮಾಡಿ 1945ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡವರು ಇದೇ ಫ್ಲೋರಿ. 1948ರ ಸೆಪ್ಟೆಂಬರ್‌ನಲ್ಲಿ ಬ್ರೋಟ್ಸು ಅವರ ಬೂಷ್ಟು ಆಕ್ಸ್‌ಫರ್ಡ್ ತಲುಪಿತು. ಅದನ್ನು ತಮ್ಮಲ್ಲೇ ಇಟ್ಟುಕೊಂಡು ಬಾಗಿಲು ಹಾಕಿಕೊಳ್ಳಬಹುದಾಗಿದ್ದ ಬ್ರೋಟ್ಸು ಹಾಗೆ ಮಾಡಲಿಲ್ಲ ಎಂಬುದು ಗಮನಾರ್ಹ.

ಆಕ್ಸ್‌ಫರ್ಡ್‌ನಲ್ಲಿ ಹನ್ನೆರಡು ವರ್ಷ

ಆಕ್ಸ್‌ಫರ್ಡ್‌ನಲ್ಲಿ ಈ ಕೆಲಸದ ಮುಂದಾಳತ್ವ ವಹಿಸಿದವರು ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್. ಬೂಷ್ಟು ಒಂದಲ್ಲ, ಹಲವು ವಸ್ತುಗಳನ್ನು ತಯಾರಿಸುತ್ತದೆ ಎಂಬುದು ಅವರಿಗೆ ಬೇಗನೆ ತಿಳಿಯಿತು. ಮೊದಲು ಸಿಕ್ಕ ಸೆಫಲೋಸ್ಪೋರಿನ್ ಪಿ ಕೆಲವೇ ರೋಗಾಣುಗಳ ಮೇಲೆ ಪರಿಣಾಮಕಾರಿಯಾಗಿತ್ತು. ಎರಡನೆಯದಾದ ಸೆಫಲೋಸ್ಪೋರಿನ್ ಎನ್ ವಿಷಮಶೀತದ ರೋಗಾಣುವನ್ನು ಕೊಲ್ಲುತ್ತಿತ್ತು. ಕಾಲ್ಯಾರಿಯಲ್ಲಿ ಬ್ರೋಟ್ಸು ಕಂಡ ಪರಿಣಾಮದ ಬಹುಪಾಲು ಇದರದೇ. ಸೋಜಿಗವೆಂದರೆ ರಚನೆ ಬಿಡಿಸಿದಾಗ ಅದು ಪೆನಿಸಿಲಿನ್‌ನ ಒಂದು ಬಗೆ ಎಂದು ತಿಳಿದುಬಂತು.

1953ರಲ್ಲಿ ಇದನ್ನು ಶುದ್ಧೀಕರಿಸುತ್ತಿದ್ದಾಗ ಅಲ್ಪ ಪ್ರಮಾಣದಲ್ಲಿ ಮೂರನೆಯ ವಸ್ತುವೊಂದು ಕೈಗೆ ಬಂತು. ಅದೇ ಸೆಫಲೋಸ್ಪೋರಿನ್ ಸಿ. ರೋಗಾಣುಗಳನ್ನು ಕೊಲ್ಲುವ ಅದರ ಶಕ್ತಿ ದುರ್ಬಲವಾಗಿತ್ತು. ಆದರೆ ಅದಕ್ಕೊಂದು ಅಪರೂಪದ ಗುಣವಿತ್ತು. ಆ ಹೊತ್ತಿಗಾಗಲೇ ಆಸ್ಪತ್ರೆಗಳಲ್ಲಿ ಪೆನಿಸಿಲಿನ್‌ಗೆ ಜಗ್ಗದ ಸ್ಟ್ಯಾಫಿಲೊಕಾಕಸ್ ತಳಿಗಳು ತಲೆಯೆತ್ತಿದ್ದವು. ಪೆನಿಸಿಲಿನೇಸ್ ಎಂಬ ಕಿಣ್ವದಿಂದ ಅವು ಮದ್ದನ್ನು ಒಡೆದುಹಾಕುತ್ತಿದ್ದವು. ಆ ಕಿಣ್ವಕ್ಕೆ ಸೆಫಲೋಸ್ಪೋರಿನ್ ಸಿ ಬಗ್ಗಲಿಲ್ಲ. ದುರ್ಬಲವೆನಿಸಿದ ವಸ್ತುವಿಗೆ ಬೆಲೆ ಬಂದದ್ದು ಈ ಕಾರಣಕ್ಕೆ.

ಅಬ್ರಹಾಂ ಮತ್ತು ನ್ಯೂಟನ್ 1959ರ ಹೊತ್ತಿಗೆ ಅದರ ರಚನೆಯನ್ನು ಊಹಿಸಿದ್ದರು. ಡೊರೊಥಿ ಹಾಡ್ಜ್‌ಕಿನ್ ಮತ್ತು ಅವರ ಸಹೋದ್ಯೋಗಿ ಕ್ಷಕಿರಣಗಳ ನೆರವಿನಿಂದ ಅದನ್ನು ದೃಢಪಡಿಸಿದರು. 1961ರಲ್ಲಿ ಎರಡೂ ಫಲಿತಾಂಶ ಪ್ರಕಟವಾದವು. ಪೆನಿಸಿಲಿನ್‌ನಲ್ಲಿರುವ ಬೀಟಾ ಲ್ಯಾಕ್ಟಮ್ ಎಂಬ ನಾಲ್ಕು ಪರಮಾಣುಗಳ ಉಂಗುರ ಇದರಲ್ಲೂ ಇತ್ತು. ಆದರೆ ಅದಕ್ಕೆ ಅಂಟಿಕೊಂಡ ಇನ್ನೊಂದು ಉಂಗುರ ಬೇರೆಯಾಗಿತ್ತು. ಈ ಮೂಲ ಚೌಕಟ್ಟಿಗೆ ಬೇರೆ ಬೇರೆ ಬಾಲಗಳನ್ನು ಜೋಡಿಸಿದರೆ ಬೇರೆ ಬೇರೆ ಗುಣದ ಮದ್ದುಗಳು ಸಿಗುತ್ತವೆ ಎಂಬ ದಾರಿ ತೆರೆದುಕೊಂಡಿತು. 1964ರಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯ ಸೆಫಲೋಥಿನ್ ಮಾರುಕಟ್ಟೆಗೆ ಬಂತು. ಅದೇ ಕಾಲದಲ್ಲಿ ಬ್ರಿಟನ್ನಿನ ಗ್ಲ್ಯಾಕ್ಸೊ ಕಂಪನಿ ಸೆಫಲೋರಿಡಿನ್ ತಂದಿತು. ಎರಡೂ ಸೂಜಿಮದ್ದುಗಳೇ. ಸು ಸಿಕ್ಕುವಿನ ನೀರು ಪ್ರಯೋಗಾಲಯಕ್ಕೆ ಬಂದು ಆಗ 19 ವರ್ಷ ಕಳೆದಿತ್ತು.

ಪೇಟೆಂಟ್‌ಗಳಿಂದ ಬ್ರಿಟನ್ನಿಗೆ ಭಾರಿ ಆದಾಯ ಬಂತು. ಅಬ್ರಹಾಂ ತಮ್ಮ ಪಾಲಿನ ಬಹುಭಾಗವನ್ನು ಸಂಶೋಧನೆ ಹಾಗೂ ಶಿಕ್ಷಣಕ್ಕೆಂದು ದತ್ತಿಯಾಗಿಟ್ಟರು. ತಮ್ಮ ಬರಹಗಳಲ್ಲಿ ಅವರು ಮೊದಲ ಹೆಜ್ಜೆಯ ಶ್ರೇಯವನ್ನು ಬ್ರೋಟ್ಸು ಅವರಿಗೇ ಸಲ್ಲಿಸಿದರು.

ಪ್ರಯೋಗಾಲಯದಿಂದ ಪುರಸಭೆಗೆ

ಅತ್ತ ಆಕ್ಸ್‌ಫರ್ಡ್‌ನಲ್ಲಿ ಕೆಲಸ ಸಾಗುತ್ತಿದ್ದರೆ ಇತ್ತ ಬ್ರೋಟ್ಸು ಸಾರ್ವಜನಿಕ ಬದುಕಿನಲ್ಲಿ ಮುಳುಗಿದ್ದರು. ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷದ ನಾಯಕರಾಗಿ ಅವರು 1955ರಿಂದ 1958ರವರೆಗೆ ಸಾರ್ಡೀನಿಯ ಸ್ವಾಯತ್ತ ಪ್ರಾಂತ್ಯದ ಅಧ್ಯಕ್ಷರಾಗಿದ್ದರು. ನಮ್ಮಲ್ಲಿನ ಮುಖ್ಯಮಂತ್ರಿ ಹುದ್ದೆಗೆ ಸಮೀಪವಾದ ಸ್ಥಾನವದು. 1960ರಿಂದ 1967ರವರೆಗೆ ಕಾಲ್ಯಾರಿಯ ಮೇಯರ್ ಆಗಿದ್ದರು. ಕೊಳಚೆ ನೀರಿನ ನಮೂನೆ ಸಂಗ್ರಹಿಸಿದ್ದ ವಿಜ್ಞಾನಿ ಅದೇ ನಗರದ ಚರಂಡಿ, ರಸ್ತೆ, ಕುಡಿಯುವ ನೀರಿನ ಹೊಣೆ ಹೊತ್ತರು. ನೈರ್ಮಲ್ಯಶಾಸ್ತ್ರದ ಪ್ರಾಧ್ಯಾಪಕರಿಗೆ ಇವೆರಡೂ ಬೇರೆ ಬೇರೆ ಕೆಲಸಗಳಾಗಿ ಕಂಡಿರಲಾರವು.

ಸೆಫಲೋಸ್ಪೋರಿನ್ ಜಗತ್ತಿನಾದ್ಯಂತ ಬಳಕೆಗೆ ಬಂದರೂ ನೊಬೆಲ್ ಪ್ರಶಸ್ತಿ ಅವರ ಪಾಲಿಗೆ ಬರಲಿಲ್ಲ. 1976ರ ಏಪ್ರಿಲ್ 8ರಂದು ಕಾಲ್ಯಾರಿಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 81 ವರ್ಷ. ತಮ್ಮ ಬೂಷ್ಟಿನ ವಂಶದ ಅತ್ಯಂತ ಪ್ರಬಲ ಕುಡಿಗಳನ್ನು ಅವರು ಕಣ್ಣಾರೆ ಕಾಣಲಿಲ್ಲ. ಸೆಫೊಟ್ಯಾಕ್ಸಿಮ್ ಮತ್ತು ಸೆಫ್ಟ್ರಿಯಾಕ್ಸೋನ್ ಬಳಕೆಗೆ ಬಂದದ್ದು 1980ರ ದಶಕದ ಆರಂಭದಲ್ಲಿ.

ಮದ್ದಿನ ಕೆಲಸವೇನು

ಏಕಾಣುಜೀವಿಗಳ ಸುತ್ತ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಅದನ್ನು ಕಟ್ಟುವ ಕೆಲಸಕ್ಕೆ ಸೆಫಲೋಸ್ಪೋರಿನ್ ತಡೆಯೊಡ್ಡುತ್ತದೆ. ಗೋಡೆ ದುರ್ಬಲವಾದ ರೋಗಾಣು ಒಡೆದು ಸಾಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಇಂಥ ಗೋಡೆ ಇಲ್ಲದಿರುವುದರಿಂದ ಮದ್ದು ರೋಗಿಗೆ ಸಾಮಾನ್ಯವಾಗಿ ಸುರಕ್ಷಿತ.

ಈ ಮದ್ದುಗಳನ್ನು ತಲೆಮಾರುಗಳಾಗಿ ವಿಂಗಡಿಸುವುದು ರೂಢಿ. ಮೊದಲ ತಲೆಮಾರಿನ ಸೆಫಜೋಲಿನ್ ಅನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಗಾಯ ನಂಜಾಗದಂತೆ ತಡೆಯಲು ಕೊಡಲಾಗುತ್ತದೆ. ಮೂರನೆಯ ತಲೆಮಾರಿನ ಸೆಫ್ಟ್ರಿಯಾಕ್ಸೋನ್ ರಕ್ತದ ನಂಜು, ನ್ಯುಮೋನಿಯಾ, ಮೂತ್ರನಾಳದ ತೀವ್ರ ಸೋಂಕು, ಮಿದುಳು ಪೊರೆಯ ಉರಿಯೂತ, ಗೊನೋರಿಯಾ ಮತ್ತು ವಿಷಮಶೀತ ಜ್ವರದಲ್ಲಿ ಬಳಕೆಯಾಗುತ್ತದೆ. ದೇಹದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 8 ತಾಸು ಬೇಕು. ಹಾಗಾಗಿ ಅನೇಕ ಕಾಯಿಲೆಗಳಲ್ಲಿ ದಿನಕ್ಕೊಂದು ಸೂಜಿ ಸಾಕಾಗುತ್ತದೆ. ಕರುಳಿನಿಂದ ಹೀರಿಕೆಯಾಗದ ಮದ್ದಾದ್ದರಿಂದ ಅದನ್ನು ರಕ್ತನಾಳಕ್ಕೆ ಅಥವಾ ಸ್ನಾಯುವಿಗೆ ಚುಚ್ಚಿಯೇ ಕೊಡಬೇಕು.

ನೆಗಡಿ, ಫ್ಲೂ, ಡೆಂಗಿ ಮುಂತಾದ ವೈರಾಣು ಜ್ವರಗಳ ಮೇಲೆ ಈ ಮದ್ದಿನ ಪರಿಣಾಮ ಶೂನ್ಯ. ಜ್ವರ ಬಂದ ಕೂಡಲೇ ಒಂದು ಸೂಜಿ ಹಾಕಿಸಿಕೊಂಡರೆ ಬೇಗ ವಾಸಿಯಾಗುತ್ತದೆ ಎಂಬ ಜನಜನಿತ ನಂಬಿಕೆಗೆ ಇಲ್ಲಿ ಯಾವ ಆಧಾರವೂ ಇಲ್ಲ.

ಅಡ್ಡಪರಿಣಾಮ ಮತ್ತು ಎಚ್ಚರಿಕೆ

ಸೂಜಿ ಚುಚ್ಚಿದ ಜಾಗದಲ್ಲಿ ನೋವು, ಗಡಸುತನ, ಭೇದಿ, ಚರ್ಮದ ಮೇಲೆ ದದ್ದು ಇವು ಸಾಮಾನ್ಯ ಅಡ್ಡಪರಿಣಾಮಗಳು. ಭೇದಿ ತೀವ್ರವಾಗಿದ್ದರೆ, ರಕ್ತ ಬೆರೆತಿದ್ದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲೆ ಎಂಬ ರೋಗಾಣು ಮೇಲುಗೈ ಪಡೆದು ಕರುಳಿನ ಉರಿಯೂತ ಉಂಟುಮಾಡಬಹುದು. ಮದ್ದು ನಿಲ್ಲಿಸಿದ ಕೆಲವು ವಾರಗಳ ಬಳಿಕವೂ ಇದು ಕಾಣಿಸಿಕೊಳ್ಳುವುದುಂಟು. ಸೆಫ್ಟ್ರಿಯಾಕ್ಸೋನ್‌ನ ಒಂದು ಭಾಗ ಪಿತ್ತರಸದ ಮೂಲಕ ಹೊರಹೋಗುವುದರಿಂದ ಪಿತ್ತಕೋಶದಲ್ಲಿ ಗಸಿ ಕಟ್ಟುವುದುಂಟು. ಮದ್ದು ನಿಲ್ಲಿಸಿದ ಮೇಲೆ ಅದು ಸಾಮಾನ್ಯವಾಗಿ ಕರಗಿಹೋಗುತ್ತದೆ. ರಕ್ತಕಣಗಳು ಒಡೆದುಹೋಗುವ ತೊಂದರೆ ಅಪರೂಪವಾದರೂ ಗಂಭೀರ.

ಎಲ್ಲಕ್ಕಿಂತ ಭಯಪಡಬೇಕಾದದ್ದು ಅಲರ್ಜಿಗೆ. ಉಸಿರುಗಟ್ಟುವುದು, ಮುಖ ಬಾತುಕೊಳ್ಳುವುದು, ರಕ್ತದೊತ್ತಡ ಕುಸಿಯುವುದು ಇದರ ಲಕ್ಷಣಗಳು. ಸೂಜಿ ಹಾಕಿದ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು. ಚಿಕಿತ್ಸೆಗೆ ಅಡ್ರಿನಲಿನ್ ಕೈಯೆಟುಕಿನಲ್ಲಿರದ ಕಡೆ ಈ ಸೂಜಿ ಹಾಕಿಸಿಕೊಳ್ಳಬಾರದು ಎಂಬುದು ಇದಕ್ಕೇ. ಪೆನಿಸಿಲಿನ್ ಅಲರ್ಜಿ ಇರುವವರಲ್ಲಿ ನೂರಕ್ಕೆ ಹತ್ತು ಮಂದಿಗೆ ಸೆಫಲೋಸ್ಪೋರಿನ್ ಕೂಡ ಒಗ್ಗದು ಎಂದು ಹಿಂದೆ ಭಾವಿಸಲಾಗಿತ್ತು. ಈಗಿನ ತಿಳಿವಳಿಕೆಯಂತೆ ಆ ಪ್ರಮಾಣ ಬಹಳ ಕಡಿಮೆ. ಆದರೂ ಹಿಂದೆ ಯಾವ ಮದ್ದಿನಿಂದ ತೊಂದರೆಯಾಗಿತ್ತು ಎಂಬುದನ್ನು ವೈದ್ಯರಿಗೆ ಮೊದಲೇ ಹೇಳುವುದು ರೋಗಿಯ ಕರ್ತವ್ಯ. ಚರ್ಮದ ಮೇಲೆ ಮಾಡುವ ಪರೀಕ್ಷೆಯಲ್ಲಿ ಏನೂ ಆಗದಿದ್ದರೆ ಅಪಾಯವೇ ಇಲ್ಲವೆಂದು ಖಾತರಿಯಿಲ್ಲ.

ನವಜಾತ ಶಿಶುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕಾಮಾಲೆ ಇರುವ ಹಸುಗೂಸಿಗೆ ಸೆಫ್ಟ್ರಿಯಾಕ್ಸೋನ್ ಕೊಡುವಂತಿಲ್ಲ. ಕ್ಯಾಲ್ಸಿಯಂ ಇರುವ ದ್ರಾವಣದೊಂದಿಗೆ ಅದು ಸೇರಿದರೆ ಗಸಿಯಾಗಿ ಶ್ವಾಸಕೋಶ, ಮೂತ್ರಪಿಂಡಗಳಲ್ಲಿ ಕೂರುತ್ತದೆ. ಶಿಶುಗಳ ಸಾವಿನ ವರದಿಗಳ ಬಳಿಕ 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕುರಿತು ಎಚ್ಚರಿಕೆ ಹೊರಡಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ರಿಂಗರ್ ಲ್ಯಾಕ್ಟೇಟ್ ದ್ರಾವಣದಲ್ಲೂ ಕ್ಯಾಲ್ಸಿಯಂ ಇದೆ. ಯಾವ ವಯಸ್ಸಿನವರಿಗಾದರೂ ಎರಡನ್ನೂ ಒಂದೇ ನಳಿಕೆಯಲ್ಲಿ ಒಟ್ಟಿಗೆ ಹರಿಸಬಾರದು. ನೋವು ಕಡಿಮೆ ಮಾಡಲು ಲಿಡೊಕೇನ್ ಬೆರೆಸಿದ ದ್ರಾವಣವನ್ನು ಸ್ನಾಯುವಿಗೆ ಮಾತ್ರ ಚುಚ್ಚಬೇಕು, ರಕ್ತನಾಳಕ್ಕೆ ಎಂದೂ ಕೊಡಬಾರದು. ಇದೇ ವಂಶದ ಸೆಫೊಪೆರಜೋನ್ ಪಡೆಯುವವರು ಮದ್ಯ ಮುಟ್ಟಬಾರದು. ಮುಟ್ಟಿದರೆ ವಾಂತಿ, ಎದೆಬಡಿತ, ಮುಖ ಕೆಂಪೇರುವಿಕೆ ಕಾಡುತ್ತವೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ವಂಶದ ಅನೇಕ ಮದ್ದುಗಳ ಪ್ರಮಾಣ ತಗ್ಗಿಸಬೇಕಾಗುತ್ತದೆ.

ಮತ್ತೆ ಅದೇ ವೈರಿ

ಬ್ರೋಟ್ಸು ಹುಡುಕಿಹೊರಟದ್ದು ವಿಷಮಶೀತಕ್ಕೆ ಮದ್ದನ್ನು. ಅವರ ಲೇಖನ ಅಚ್ಚಾದ 1948ರಲ್ಲೇ ಕ್ಲೋರಾಂಫೆನಿಕಾಲ್ ಎಂಬ ಬೇರೊಂದು ಮದ್ದು ಆ ರೋಗವನ್ನು ವಾಸಿ ಮಾಡಿ ಜಗತ್ತಿನ ಗಮನ ಸೆಳೆಯಿತು. ಸುಮಾರು ಕಾಲು ಶತಮಾನ ಅದೇ ರಾಮಬಾಣವಾಗಿತ್ತು. 1972ರಲ್ಲಿ ಮೆಕ್ಸಿಕೊದಲ್ಲೂ ನೆರೆಯ ಕೇರಳದಲ್ಲೂ ಅದಕ್ಕೆ ಬಗ್ಗದ ರೋಗಾಣು ಕಾಣಿಸಿಕೊಂಡಿತು. ನಂತರ ಬಂದ ಮದ್ದುಗಳೂ ಒಂದರ ಹಿಂದೆ ಒಂದರಂತೆ ಸೋತವು. ಕೊನೆಗೆ ವೈದ್ಯರು ಆಶ್ರಯಿಸಿದ್ದು ಸೆಫ್ಟ್ರಿಯಾಕ್ಸೋನ್ ಅನ್ನು. ಹೀಗೆ ನಾಲ್ಕು ದಶಕಗಳ ಸುತ್ತುದಾರಿಯ ನಂತರ ಸು ಸಿಕ್ಕುವಿನ ಬೂಷ್ಟಿನ ವಂಶ ತಾನು ಹುಟ್ಟಿದ ಕಾರ್ಯಕ್ಕೇ ಮರಳಿತು.

ಆದರೆ ಆ ಕೋಟೆಯಲ್ಲೂ ಬಿರುಕು ಬಿಟ್ಟಿದೆ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ವಿಷಮಶೀತ ಆರಂಭವಾಗಿ ಸಾವಿರಾರು ಜನರಿಗೆ ಹರಡಿತು. ಅಜಿತ್ರೋಮೈಸಿನ್ ಮತ್ತು ದುಬಾರಿಯಾದ ಕಾರ್ಬಪೆನೆಮ್ ವರ್ಗದ ಮದ್ದುಗಳಷ್ಟೇ ಅಲ್ಲಿ ಕೆಲಸಕ್ಕೆ ಬಂದವು. 2019ರಲ್ಲಿ ಆ ಪ್ರಾಂತ್ಯದ ಮಕ್ಕಳಿಗೆ ಹೊಸ ಬಗೆಯ ವಿಷಮಶೀತ ಲಸಿಕೆ ಹಾಕುವ ಅಭಿಯಾನ ನಡೆಯಿತು.

ಮದ್ದುಗಳ ದುರ್ಬಳಕೆಯೇ ಇಂಥ ಪ್ರತಿರೋಧಕ್ಕೆ ದಾರಿ ಮಾಡಿಕೊಡುತ್ತದೆ. ಭಾರತದಲ್ಲಿ 2014ರ ಮಾರ್ಚ್‌ನಿಂದ ಸೆಫ್ಟ್ರಿಯಾಕ್ಸೋನ್, ಸೆಫೊಟ್ಯಾಕ್ಸಿಮ್ ಸೇರಿದಂತೆ ಹಲವು ಪ್ರತಿಜೈವಿಕಗಳನ್ನು ಷೆಡ್ಯೂಲ್ ಎಚ್1 ಪಟ್ಟಿಯಲ್ಲಿ ಇಡಲಾಗಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಬೇಕು ಎಂಬುದು ನಿಯಮ. ವಿಶ್ವ ಆರೋಗ್ಯ ಸಂಸ್ಥೆಯೂ ಸೆಫ್ಟ್ರಿಯಾಕ್ಸೋನ್ ಅನ್ನು ನಿಗಾ ಇಟ್ಟು ಬಳಸಬೇಕಾದ ಮದ್ದುಗಳ ಗುಂಪಿಗೆ ಸೇರಿಸಿದೆ. ಎರಡು ದಿನ ಸೂಜಿ ಹಾಕಿಸಿಕೊಂಡು ಜ್ವರ ಇಳಿಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು, ಪರೀಕ್ಷೆಯಿಲ್ಲದೆ ಪ್ರಬಲ ಮದ್ದಿಗೇ ಕೈ ಹಾಕುವುದು ಇವೆರಡೂ ಅಪಾಯಕಾರಿ.

ಕಾಲ್ಯಾರಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆ ಸಂಸ್ಥೆಗೆ ಇಂದು ಬ್ರೋಟ್ಸು ಅವರ ಹೆಸರಿದೆ. ಅವರ ಬದುಕಿನ ಪಾಠವನ್ನು ಮದ್ದಿನ ಸೀಸೆಗಷ್ಟೇ ಸೀಮಿತಗೊಳಿಸುವುದು ತರವಲ್ಲ. ಅವರು ಮೂಲತಃ ನೀರು ಮತ್ತು ಚರಂಡಿಯ ವೈದ್ಯರಾಗಿದ್ದರು. ಕುಡಿಯುವ ನೀರು ಶುದ್ಧವಾಗಿದ್ದರೆ, ಕೊಳಚೆ ಅದರೊಳಗೆ ಬೆರೆಯದಿದ್ದರೆ ವಿಷಮಶೀತ ಹರಡಲು ಜಾಗವಿರುವುದಿಲ್ಲ, ಈ ಸೂಜಿಯ ಅಗತ್ಯವೂ ಬಹುಮಟ್ಟಿಗೆ ತಪ್ಪುತ್ತದೆ. ಕೊಳಚೆ ನೀರಿನಲ್ಲಿ ಮದ್ದು ಕಂಡ ಪ್ರಾಧ್ಯಾಪಕರು ಮುಂದೆ ನಗರದ ಮೇಯರ್ ಆದುದರ ಅರ್ಥವೂ ಅಲ್ಲೇ ಇದೆ.